ಟಿಬೆಟಿನ ಪಂಚಾಂಗಕ್ಕೆ ದಾನೇಶ್ವರಿ ಬರೆದ ಟಿಪ್ಪಣಿ

ಊದುವಾಗ ಬಸವಂತರಾಯ ಅದನ್ನು ಧೂಳು ಅಂತಲೇ ತಿಳಿದಿದ್ದ.

ಚಳಿಗಾಲ ಬಂತೆಂದರೆ ಪರೇಲ್‌ನಲ್ಲಿ ಟಿಬೆಟಿನವರು ಸಾಲಾಗಿ ಸ್ವೆಟರ್ ಅಂಗಡಿ ಹೂಡುತ್ತಾರೆ. ಮುಂಬಯಿಯ ಚಳಿಗೆ ಸ್ವೆಟರ್ ತೊಟ್ಟವನಿಗೆ ಬೆವರೊರೆಸಿಕೊಳ್ಳಲು ಒಂದು ಟವೆಲ್ಲೂ ಬೇಕಾಗುತ್ತದೆ. ಆದರೆ ಬಸವಂತರಾಯ ಮತ್ತು ಅವನ ಹೆಂಡತಿ ದಾನೇಶ್ವರಿ ಡಿಸೆಂಬರಿನಲ್ಲಿ ಬೆಳಗಾವಿಗೆ ಮದುವೆಗೆ ಹೋಗುವವರಿದ್ದರು. ದಾನೇಶ್ವರಿ ಒಂದೊಂದೇ ಸ್ವೆಟರನ್ನು ತಿರುವಿಹಾಕಿ, ಕೊರಳ ಒಳಗಿನ ಚೀಟಿಯನ್ನು ಓದುತ್ತಿದ್ದಳು. ಹೇಗೆ ತೊಳೆಯಬೇಕು, ಹೇಗೆ ಒಣಗಿಸಬೇಕು ಎಂದು ಪೂರ್ತಿ ಬರೆದಿರದ ಬಟ್ಟೆಯನ್ನು ಅವಳು ಮನೆಗೆ ತರುವವಳಲ್ಲ. ಅರ್ಧ ಗಂಟೆ ನಿಂತು ಕಾಲು ಸೋತ ಬಸವಂತರಾಯ ಕೂಡಲಿಕ್ಕೆ ಜಾಗ ಹುಡುಕಿದ. ಒಂದು ಸ್ಟೂಲು ಕಂಡಿತು. ಅದರ ಮೇಲೆ ರಟ್ಟಿನ ಪೆಟ್ಟಿಗೆಯ ಮುಚ್ಚಳ, ಮುಚ್ಚಳದ ತುಂಬ ಬಿಳಿ ಪುಡಿ. ಅಂಗಡಿಯವರಿಗೆ ಒಂದು ಉಪಕಾರ ಮಾಡಿದ ಹಾಗೂ ಆಯಿತು, ಕೂತ ಹಾಗೂ ಆಯಿತು ಎಂದುಕೊಂಡು ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿ, ಎದೆತುಂಬ ಉಸಿರು ಎಳೆದುಕೊಂಡು ಊದಿಯೇಬಿಟ್ಟ.

ಪುಡಿ ನೇರ ಅವನ ಮುಖಕ್ಕೆ ಬಂತು. ಮೀಸೆ, ಕನ್ನಡಕ, ಹೊಸದಾಗಿ ಕಪ್ಪು ಹಚ್ಚಿಸಿದ್ದ ತಲೆ, ಎಲ್ಲ ಬೆಳ್ಳಗಾಯಿತು. ಘಮಘಮ ವಾಸನೆ ಬೇರೆ. ಟಾಲ್ಕಂ ಪೌಡರು.

ಸ್ವೆಟರ್ ರಾಶಿಯ ಹಿಂದಿನಿಂದ ದಪ್ಪ ಕನ್ನಡಕದ ಒಬ್ಬ ಹಿರಿಯರು ಎದ್ದು ನಿಂತರು. ಟಿಬೆಟಿನ ಮುಖ. ಆದರೆ ಬಾಯಿ ತೆರೆದರೆ ಬಂದದ್ದು ಅಪ್ಪಟ ಹುಬ್ಬಳ್ಳಿ ಕಡೆಯ ಕನ್ನಡ.

"ಸಾಹೇಬ್ರ, ಅದು ಮುಂದಿನ ವರ್ಷದ ಆರನೇ ತಿಂಗಳಿತ್ತು."

ಬಸವಂತರಾಯ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಭೂಗೋಳದ ಮಾಸ್ತರ. ಇಪ್ಪತ್ತೊಂಬತ್ತು ವರ್ಷಗಳಿಂದ ಏಳನೆಯ ಇಯತ್ತೆಯವರಿಗೆ ಟಿಬೆಟನ್ನು ಜಗತ್ತಿನ ಛಾವಣಿ ಎಂದು ಹೇಳಿಕೊಟ್ಟವನು. ಆ ಛಾವಣಿಯಿಂದ ಇಳಿದು ಬಂದವರೊಬ್ಬರ ಎದುರು ಹೀಗೆ ಸುಣ್ಣ ಬಳಿದ ಗೋಡೆಯಾಗಿ ನಿಲ್ಲಬೇಕಾದೀತೆಂದು ಪಠ್ಯಪುಸ್ತಕದಲ್ಲಿ ಇರಲಿಲ್ಲ. ಕ್ಷಮಾಪಣೆಯನ್ನು ಕನ್ನಡದಲ್ಲಿ ಕೇಳಿದ, ಹಿಂದಿಯಲ್ಲಿ ಕೇಳಿದ, ಗಾಬರಿಯಲ್ಲಿ ಮರಾಠಿಯಲ್ಲೂ ಕೇಳಿದ.

ಅವರ ಹೆಸರು ಪಲ್ದೆನ್. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನವರು. ಚಿಕ್ಕಂದಿನಲ್ಲಿ ಅಲ್ಲಿಯ ಒಂದು ಸಣ್ಣ ಮಠದಲ್ಲಿದ್ದು ಪಂಚಾಂಗದ ಲೆಕ್ಕ ಕಲಿತವರು. ಆಮೇಲೆ ಕಾವಿ ಬಿಟ್ಟು ಸಂಸಾರಿಯಾದರೂ ಲೆಕ್ಕ ಬಿಟ್ಟಿರಲಿಲ್ಲ. ಪರೇಲ್‌ನಲ್ಲಿ ಸ್ವೆಟರ್ ಮಾರುವುದು ಅವರ ಹೆಂಡತಿಯ ಕೆಲಸ. ಹಿಂದೆ ಕೂತು ಮಠದ ಮುಂದಿನ ವರ್ಷದ ಪಂಚಾಂಗ ಗುಣಿಸುವುದು ಇವರ ಕೆಲಸ. ಹಲಗೆಯ ಮೇಲೆ ಮರಳು ಹರಡಿ, ಕಡ್ಡಿಯಿಂದ ಅಂಕೆ ಗೀರಿ ಲೆಕ್ಕ ಮಾಡುವುದು ಅವರ ಪರಂಪರೆ. ಮುಂಬಯಿಯಲ್ಲಿ ಮರಳೆಂದರೆ ಬಿಲ್ಡರುಗಳ ಮಾಲು, ಆದ್ದರಿಂದ ಪೌಡರು.

ದಾನೇಶ್ವರಿ ಸ್ವೆಟರ್ ಕೆಳಗಿಟ್ಟು ಬಂದಳು. ಗಂಡನ ಮುಖವನ್ನು ಒಮ್ಮೆ ನೋಡಿ, ಪಲ್ದೆನ್‌ರನ್ನು ಕೇಳಿದಳು.

"ಎಷ್ಟ ದಿನದ ಕೆಲಸ ಹೋತ್ರಿ?"

"ನಾಕ ದಿನದ್ದು."

"ಕಾಪಿ ಎಲ್ಲಿಟ್ಟೀರಿ?"

"ಕಾಪಿ ಇರೂದಿಲ್ರಿ. ಒಂದ ಸಾಲ ಅಳಿಸೇ ಇನ್ನೊಂದ ಸಾಲ ಬರೀಬೇಕು. ಕಡೀಕ ಉತ್ತರ ಅಷ್ಟ ಉಳೀತದ."

ದಾನೇಶ್ವರಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮಗುವಿಗೆ ಒಂದೂ ಲಸಿಕೆ ಹಾಕಿಸಿಲ್ಲವೆಂದು ಕೇಳಿದ ನರ್ಸಿನ ಮುಖ ಹೇಗಾಗುತ್ತದೋ ಹಾಗಾಗಿತ್ತು ಅವಳ ಮುಖ. ಮನೆಯಲ್ಲಿ ಆ ಮುಖ ಕಂಡಾಗಲೆಲ್ಲ ಬಸವಂತರಾಯ ಮುಂದಿನ ಮೂರು ತಿಂಗಳ ರವಿವಾರಗಳನ್ನು ಮರೆತುಬಿಡುವುದು ವಾಡಿಕೆ. ಈ ಸಲ ಒಂದು ವರ್ಷವೇ ಹೋಗಲಿದೆಯೆಂದು ಅವನಿಗೆ ಆಗ ತಿಳಿಯಲಿಲ್ಲ.

ದಾನೇಶ್ವರಿ ಎಂಥವಳೆಂದು ಇಲ್ಲಿ ಸ್ವಲ್ಪ ಹೇಳಬೇಕು. ಅವಳ ತಂದೆ ಬೆಳಗಾವಿಯಿಂದ ಬಂದು ಮುಂಬಯಿಯ ಸಯನ್ನಿನಲ್ಲಿ ನೆಲೆನಿಂತವರು. ಗಣಿತದಲ್ಲಿ ಪದವಿ ಮುಗಿಸಿದವಳು ಪರೇಲ್‌ನ ಒಂದು ಸಣ್ಣ ಕಂಪನಿಗೆ ಸೇರಿ, ಕಾರ್ಖಾನೆ ಮತ್ತು ಆಸ್ಪತ್ರೆಗಳಿಗೆ ಹಾಜರಿ ಮತ್ತು ರಜೆಯ ಸಾಫ್ಟ್‌ವೇರ್ ಬರೆಯುತ್ತ ಇಪ್ಪತ್ತಾರು ವರ್ಷ ಕಳೆದಳು. ವಾರದ ರಜೆ, ಹಬ್ಬದ ರಜೆ, ರಾತ್ರಿ ಪಾಳಿಯವನ ದಿನ ಯಾವ ತಾರೀಖಿಗೆ ಸೇರಬೇಕು, ಇಂಥವುಗಳಲ್ಲಿ ಅವಳನ್ನು ಸೋಲಿಸುವವರಿರಲಿಲ್ಲ. ಆದರೆ ಅವಳ ಹೆಸರು ಉಳಿದದ್ದು ಪ್ರೋಗ್ರಾಮಿನಿಂದಲ್ಲ, ಟಿಪ್ಪಣಿಯಿಂದ. ಒಂದು ಸಾಲು ಪ್ರೋಗ್ರಾಂ ಬರೆದರೆ ಅದು ಏನು ಮಾಡುತ್ತದೆ, ಯಾಕೆ ಮಾಡುತ್ತದೆ, ಯಾರು ಹೇಳಿದ್ದರಿಂದ ಮಾಡುತ್ತದೆ ಎಂದು ಮೂರು ಸಾಲು ಬರೆಯುತ್ತಿದ್ದಳು. ಕಂಪನಿ ಮುಚ್ಚಿ ಬೇರೆಯವರ ಕೈಗೆ ಹೋದ ಮೇಲೆ ಅವಳ ಜೊತೆಯವರಿಗೆಲ್ಲ ದಿನಕ್ಕೊಂದು ಫೋನು ಬರತೊಡಗಿತು, ಇದು ಹೇಗೆ, ಅದು ಎಲ್ಲಿ ಎಂದು. ದಾನೇಶ್ವರಿಗೆ ಒಂದೂ ಬರಲಿಲ್ಲ. ಪಾಪ, ಯಾರೂ ನೆನೆಸುವುದಿಲ್ಲವಲ್ಲ ಎಂದು ಬಸವಂತರಾಯ ಮರುಗಿದ. ನೆನೆಸುವ ಅಗತ್ಯ ಬೀಳದ ಹಾಗೆ ಬರೆದು ಬಂದಿದ್ದೇನೆ ಎನ್ನುತ್ತ ಅವಳು ಚಹಾ ಸೋಸಿದಳು.

ಆ ಶಿಸ್ತು ಮನೆಯನ್ನೂ ಬಿಟ್ಟಿರಲಿಲ್ಲ. ಬಚ್ಚಲಮನೆಯ ಬಾಗಿಲಿಗೆ ಗೀಸರ್ ಬಳಸುವ ವಿಧಾನ ಅಂಟಿಸಿತ್ತು, ನಾಲ್ಕನೆಯ ಆವೃತ್ತಿ. ಅದರ ಕೊನೆಗೆ ತಿಳಿದಿರುವ ದೋಷಗಳು ಎಂಬ ತಲೆಬರಹದ ಕೆಳಗೆ ಒಂದೇ ಸಾಲು: ಬಸವಂತರಾಯರು ಆರಿಸಲು ಮರೆಯುತ್ತಾರೆ. ಮನೆಗೆ ಬಂದ ನೆಂಟರೆಲ್ಲ ಕೈ ತೊಳೆಯುತ್ತ ಅದನ್ನು ಓದುತ್ತಿದ್ದರು.

ಪಲ್ದೆನ್‌ರ ತೊಂದರೆ ಮುಚ್ಚಳದ ಪುಡಿಗಿಂತ ದೊಡ್ಡದಿತ್ತು. ಮುಂದಿನ ರವಿವಾರ, ಅಳಿಸಿಹೋದ ಆರನೆಯ ತಿಂಗಳನ್ನು ಮತ್ತೆ ಗುಣಿಸುತ್ತ ಅವರೇ ಹೇಳಿದರು. ಎರಡೂ ಕಣ್ಣಿಗೆ ಕಾಚಬಿಂದು, ಅಂದರೆ ಗ್ಲಾಕೋಮಾ. ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದಿದ್ದರು ಡಾಕ್ಟರು. ಹೆಚ್ಚೆಂದರೆ ಇನ್ನೊಂದು ಪಂಚಾಂಗ. ಮಠದ ಹುಡುಗರಿಗೆ ಈ ಲೆಕ್ಕ ಕಲಿಯುವಷ್ಟು ತಾಳ್ಮೆಯಿಲ್ಲ. ಅವರ ನಂತರ ಮಠವು ಬೇರೆ ದೊಡ್ಡ ಮಠದ ಪಂಚಾಂಗ ತರಿಸಿಕೊಳ್ಳುತ್ತದೆ. ಅವರ ಗುರುಗಳ ಪದ್ಧತಿ ಅಲ್ಲಿಗೆ ಮುಗಿಯಿತು.

"ಮುಗಿಯೂದಿಲ್ರಿ," ಅಂದಳು ದಾನೇಶ್ವರಿ, ನಾಳೆ ಹಾಲು ಬರುತ್ತದೆ ಎನ್ನುವ ಧ್ವನಿಯಲ್ಲಿ. "ನೀವ ಹೇಳ್ರಿ, ನಾ ಬರಕೋತೀನಿ."

ಹಾಗೆ ಶುರುವಾಯಿತು. ಚಳಿಗಾಲ ಮುಗಿಯುವವರೆಗೆ ಪ್ರತಿ ರವಿವಾರ ಸಯನ್ನಿನಿಂದ ಪರೇಲ್‌ಗೆ. ಆಮೇಲೆ ಮುಂಡಗೋಡಕ್ಕೆ ವಾರಕ್ಕೆರಡು ಸಲ ವಿಡಿಯೋ ಕಾಲ್. ಲ್ಯಾಪ್‌ಟಾಪಿನ ಚೀಲ ಹೊರುವುದು, ಚಹಾ ತರುವುದು ಮತ್ತು ಪುಡಿಯ ಹತ್ತಿರ ಉಸಿರು ಬಿಡದಿರುವುದು ಬಸವಂತರಾಯನ ಕೆಲಸ.

ಟಿಬೆಟಿನ ಪಂಚಾಂಗದಲ್ಲಿ ತಾರೀಖೆಂದರೆ ನಮ್ಮ ತಿಥಿಯ ಹಾಗೆ. ಚಂದ್ರನ ನಡಿಗೆಯನ್ನು ಹಿಡಿದು ಬರುತ್ತದೆ. ಒಂದೊಂದು ತಿಂಗಳು ಒಂದು ತಾರೀಖು ಎರಡು ದಿನ ಬರುತ್ತದೆ, ಒಂದೊಂದು ತಿಂಗಳು ಒಂದು ತಾರೀಖು ಬರುವುದೇ ಇಲ್ಲ. ಯಾವುದು ಎರಡು ಸಲ, ಯಾವುದು ಗೈರು ಎಂದು ಹೇಳುವುದೇ ಲೆಕ್ಕದ ಸಾರ. ಮಠದ ಪೂಜೆ, ಉಪವಾಸ, ಹೊಸ ವರ್ಷ ಎಲ್ಲ ಅದರ ಮೇಲೆ ನಿಂತಿವೆ. ಇಪ್ಪತ್ತಾರು ವರ್ಷ ಗೈರುಹಾಜರಿಯ ಲೆಕ್ಕ ಮಾಡಿದವಳಿಗೆ ಇದು ತವರುಮನೆಯ ಮಾತಿನಂತೆ ಕೇಳಿಸಿತು. ಚಂದ್ರನೂ ಒಬ್ಬ ಪಾಳಿಯ ನೌಕರ, ಬೆಳಗಿನ ಹೊತ್ತಿಗೆ ಯಾವ ಮನೆಯಲ್ಲಿ ಸಹಿ ಹಾಕಿದ್ದಾನೆ ಎಂದು ನೋಡಿದರಾಯಿತು.

ದಿನವನ್ನು ಅರವತ್ತು ಭಾಗ ಮಾಡುತ್ತಾರೆ. ಅದರಲ್ಲೊಂದನ್ನು ಮತ್ತೆ ಅರವತ್ತು. ಅದರಲ್ಲೊಂದನ್ನು ಆರು, ಆ ಆರರಲ್ಲೊಂದಕ್ಕೆ ಉಸಿರು ಎನ್ನುತ್ತಾರೆ. ಒಂದು ಉಸಿರನ್ನು ಮತ್ತೆ ಏಳುನೂರಾ ಏಳು ಭಾಗ. ಇಲ್ಲಿ ಭೂಗೋಳದ ಮಾಸ್ತರ ಸುಮ್ಮನಿರಲಾರದೆ, ಏಳುನೂರಾ ಏಳೇ ಯಾಕೆ ಎಂದು ಕೇಳಿದ. ಅದು ಹಾಗೇ ಇದೆ ಎಂದರು ಪಲ್ದೆನ್. ದಾನೇಶ್ವರಿ ಆ ಉತ್ತರವನ್ನೂ ಬರೆದುಕೊಂಡಳು, ದಿನಾಂಕ ಹಾಕಿ. ಇಪ್ಪತ್ತು ದಿನ ಕಳೆದ ಮೇಲೆ ಕಾರಣವನ್ನು ತಾನೇ ಹುಡುಕಿ ಆರು ಪುಟ ಬರೆದು, ಫೋನಿನಲ್ಲಿ ಓದಿ ಹೇಳಿದಳು. ಇದು ನಮ್ಮ ಗುರುಗಳಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ ಎಂದರು ಪಲ್ದೆನ್.

ಈ ನಡುವೆ ಬಿಲ್ಡಿಂಗಿನಲ್ಲಿ ಸುದ್ದಿ ಹಬ್ಬಿತು, ಮೂರನೆಯ ಮಾಳಿಗೆಯ ದಾನೇಶ್ವರಿಬಾಯಿ ಕಂಪ್ಯೂಟರಿನಲ್ಲಿ ಜ್ಯೋತಿಷ್ಯ ಹೇಳುತ್ತಾರಂತೆ ಎಂದು. ಎದುರು ಮನೆಯ ಶುಭಾಂಗಿ ಮಗನ ಜಾತಕ ಹಿಡಿದುಕೊಂಡು ಬಂದಳು. ಇದು ನಾಳೆ ಯಾವ ದಿನ ಎಂದಷ್ಟೇ ಹೇಳುತ್ತದೆ, ಆ ದಿನ ನಿಮ್ಮ ಮಗ ಏನು ಮಾಡಬೇಕೆಂಬುದು ನಿಮ್ಮ ಮಗನಿಗೆ ಸೇರಿದ್ದು ಎಂದು ದಾನೇಶ್ವರಿ ತಿಳಿಹೇಳಿದಳು. ಶುಭಾಂಗಿ ನೊಂದುಕೊಂಡು ಹೋದಳು. ಎಲ್ಲ ಗೊತ್ತಿದ್ದೂ ಹೇಳುವುದಿಲ್ಲ ಎಂದು ಅವಳು ಬಿಲ್ಡಿಂಗಿನಲ್ಲೆಲ್ಲ ಹೇಳಿದ್ದರಿಂದ ದಾನೇಶ್ವರಿಯ ಕೀರ್ತಿ ಮತ್ತಷ್ಟು ಬೆಳೆಯಿತು.

ಎರಡನೆಯ ಚಳಿಗಾಲದ ಹೊತ್ತಿಗೆ ಪ್ರೋಗ್ರಾಂ ಸಿದ್ಧವಾಯಿತು. ಪಲ್ದೆನ್‌ರ ನೋಟ ಅಷ್ಟರಲ್ಲಿ ಇನ್ನೂ ಕುಗ್ಗಿತ್ತು. ಎದುರಿನ ಸ್ವೆಟರಿನ ಬಣ್ಣ ಕಾಣುತ್ತಿತ್ತು, ಹೆಣಿಗೆ ಕಾಣುತ್ತಿರಲಿಲ್ಲ. ಮಠದ ಹಿರಿಯ ಸ್ವಾಮಿಗಳು ಫೋನಿನಲ್ಲಿ ಎರಡು ಷರತ್ತು, ಒಂದು ಗಡುವು ಹಾಕಿದರು. ಪಲ್ದೆನ್ ಮಾಡಿದ ಮೂವತ್ತು ವರ್ಷಗಳ ಪಂಚಾಂಗದೊಂದಿಗೆ ಯಂತ್ರದ ಲೆಕ್ಕ ಒಂದು ದಿನವೂ ಬಿಡದೆ ಹೊಂದಬೇಕು. ಗುರುಗಳ ಪುಸ್ತಕದಲ್ಲಿ ಇಲ್ಲದ ಒಂದು ಅಂಕೆಯನ್ನೂ ಒಳಗೆ ಸೇರಿಸಕೂಡದು. ಜನವರಿ ಇಪ್ಪತ್ತಕ್ಕೆ ಪಂಚಾಂಗ ಪ್ರೆಸ್ಸಿಗೆ ಹೋಗಬೇಕು. ಅಷ್ಟರೊಳಗೆ ಆಗದಿದ್ದರೆ ದೊಡ್ಡ ಮಠದ್ದನ್ನೇ ತರಿಸುವುದು.

ಮೂವತ್ತು ಪಂಚಾಂಗಗಳು ಸ್ವೆಟರಿನ ಚೀಲದಲ್ಲಿ ಸಯನ್ನಿಗೆ ಬಂದವು. ಪುಟವನ್ನು ಫೋನಿನೆದುರು ಹಿಡಿದರೆ ಮಠದ ಒಬ್ಬ ಹುಡುಗ ವಿಡಿಯೋದಲ್ಲಿ ನೋಡಿ ಓದಿ ಹೇಳುವುದು, ಬಸವಂತರಾಯ ಬರೆಯುವುದು, ದಾನೇಶ್ವರಿ ಏರಿಸುವುದು. ಹನ್ನೊಂದು ದಿನ ಹಿಡಿಯಿತು. ಲೆಕ್ಕ ಹೊಂದಿಸಿ ನೋಡಲಿಕ್ಕೆ ಯಂತ್ರಕ್ಕೆ ಕಣ್ಣುಮಿಟುಕಿಸುವಷ್ಟು ಹೊತ್ತು. ಹದಿನೇಳು ದಿನ ಹೊಂದಲಿಲ್ಲ.

"ಹತ್ತು ಸಾವಿರ ದಿನದಾಗ ಹದಿನೇಳು," ಅಂದ ಬಸವಂತರಾಯ. "ನಮ್ಮ ಸಾಲ್ಯಾಗ ಆಗಿದ್ರ ಪೇಪರಿನಾಗ ಫೋಟೋ ಬರತಿತ್ತು."

"ನಿಮ್ಮ ಸಾಲ್ಯಾಗ ತಪ್ಪಿದ್ರ ಯಾರದೂ ಹೊಸ ವರ್ಷ ತಪ್ಪೂದಿಲ್ಲ," ಅಂದಳು ಅವಳು.

ಎರಡೇ ದಿನದಲ್ಲಿ ಅವಳು ಬೇರನ್ನು ಹಿಡಿದಳು. ಚಂದ್ರನ ವೇಗ ಹೆಚ್ಚುಕಡಿಮೆಯಾಗುವುದಕ್ಕೆ ಗುರುಗಳ ಪುಸ್ತಕದಲ್ಲಿ ಏಳು ಅಂಕೆಗಳ ಒಂದು ಕೋಷ್ಟಕವಿದೆ. ಐದು, ಹತ್ತು, ಹದಿನೈದು, ಹತ್ತೊಂಬತ್ತು, ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು. ಒಂದೊಂದರ ನಡುವಿನ ಅಂತರ ಮೆಟ್ಟಿಲಿನ ಹಾಗೆ ಮೆಲ್ಲಗೆ ಕಿರಿದಾಗಬೇಕು. ಐದನೆಯ ಮೆಟ್ಟಿಲಿನಲ್ಲಿ ಕಾಲು ಎಡವುತ್ತದೆ. ಅಲ್ಲಿ ಇಪ್ಪತ್ತೆರಡು ಇಟ್ಟು ನೋಡಿದಳು. ಹದಿನೇಳೂ ದಿನ ತಾವಾಗಿ ಬಂದು ಸಾಲಿನಲ್ಲಿ ನಿಂತವು.

ಪಲ್ದೆನ್ ಒಪ್ಪಲಿಲ್ಲ. ಹಳದಿ ಬಟ್ಟೆ ಬಿಚ್ಚಿ ಪುಸ್ತಕ ತೆಗೆದು, ಕಣ್ಣಿಗೆ ಕಾಣದಿದ್ದರೂ ಬೆರಳನ್ನು ಸರಿಯಾಗಿ ಆ ಅಂಕೆಯ ಮೇಲಿಟ್ಟರು. ಇಪ್ಪತ್ತಮೂರು. ಅವರ ಗುರುಗಳ ಗುರುಗಳ ಕೈಬರಹ. ಮೂವತ್ತು ವರ್ಷ ಇದೇ ಅಂಕೆಯಿಂದ ಲೆಕ್ಕ ಮಾಡಿದ್ದೇನೆ, ಎಲ್ಲೂ ತಪ್ಪಿಲ್ಲ, ಮತ್ತೆ ಇದು ಹೇಗೆ ತಪ್ಪಾಗುತ್ತದೆ ಎಂದರು. ದಾನೇಶ್ವರಿಯ ಮೇಲೆ ಸಿಟ್ಟಿರಲಿಲ್ಲ. ಆದರೆ ಯಂತ್ರ ಸರಿಹೋಗಲೆಂದು ಗುರುಗಳನ್ನು ತಿದ್ದುವುದು ಅವರಿಂದಾಗದು. ಹಿರಿಯ ಸ್ವಾಮಿಗಳ ಷರತ್ತೂ ಅದೇ ಇತ್ತು. ಪ್ರೆಸ್ಸಿಗೆ ಆರು ದಿನ ಉಳಿದಿತ್ತು.

ಮನೆಗೆ ಹೋಗುವಾಗ ಲೋಕಲ್ ಟ್ರೇನಿನಲ್ಲಿ ಬಸವಂತರಾಯ ಹೆಂಡತಿಯನ್ನು ಸಮಾಧಾನ ಮಾಡಲು ನೋಡಿದ. ಅವಳಿಗೆ ಸಮಾಧಾನ ಬೇಕಾಗಿರಲಿಲ್ಲ. ಅಂಕೆ ಇಪ್ಪತ್ತೆರಡೇ, ಅನುಮಾನವಿಲ್ಲ. ಪುಸ್ತಕದಲ್ಲಿಲ್ಲದ ಅದು ಪಲ್ದೆನ್‌ರ ಪಂಚಾಂಗಗಳೊಳಗೆ ಎಲ್ಲಿಂದ ಬಂತು ಎನ್ನುವುದಷ್ಟೇ ತಿಳಿಯಬೇಕು ಎಂದು ಕಿಟಕಿಯ ಹೊರಗೆ ನೋಡುತ್ತ ಕೂತಳು.

ಮರುದಿನ ಮತ್ತೆ ಪರೇಲ್‌ಗೆ ಹೋಗಿ ಒಂದೇ ಒಂದು ಕೇಳಿಕೊಂಡಳು. ಆ ಹದಿನೇಳರಲ್ಲಿ ಒಂದು ದಿನವನ್ನು ಪಲ್ದೆನ್‌ಜೀ ಕೈಯಿಂದ ಗುಣಿಸಬೇಕು, ಒಂದೊಂದು ಹೆಜ್ಜೆಯನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು, ಅವಳು ಪಕ್ಕದಲ್ಲಿ ಕೂತು ಅದನ್ನೇ ಯಂತ್ರಕ್ಕೆ ಕೊಡುತ್ತ ಹೋಗುತ್ತಾಳೆ. ಒಂದು ವರ್ಷ ಅವಳು ಕೇಳಿದ್ದೆಲ್ಲ ಅವರ ಬಾಯಿಯ ಮಾತು. ಲೆಕ್ಕ ಮಾಡುವ ಕೈಯನ್ನು ಯಾರೂ ಗಮನಿಸಿರಲಿಲ್ಲ. ಅವಳ ಕಣ್ಣು ಯಾವಾಗಲೂ ಲ್ಯಾಪ್‌ಟಾಪಿನಲ್ಲಿ.

ಮುಚ್ಚಳ ಹಿಡಿದುಕೊಂಡವನು ಬಸವಂತರಾಯ. ತೊಡೆಯ ಮೇಲಿಟ್ಟುಕೊಂಡು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕಳ್ಳನ ಹಾಗೆ ಕೂತಿದ್ದ. ಬೇರೆ ಕೆಲಸವಿಲ್ಲದ್ದರಿಂದ ಅಂಕೆಗಳನ್ನು ನೋಡುತ್ತಿದ್ದ. ಟಿಬೆಟಿನ ಲಿಪಿ ಅವನಿಗೆ ಬಾರದು. ಆದರೆ ಮುಂಬಯಿಯ ಬಸ್ಸಿನ ಹಣೆಯ ಮೇಲೆ ನಂಬರು ಬರುವುದು ಮರಾಠಿ ಅಂಕೆಯಲ್ಲಿ. ವಿಜಾಪುರದಿಂದ ಬಂದ ಹೊಸದರಲ್ಲಿ ಎರಡನ್ನು ಮೂರೆಂದು ಓದಿ ಒಂದು ದಿನ ಎಲ್ಲಿಗೋ ಹೋಗಿ ಇಳಿದಿದ್ದ. ಅಂದಿನಿಂದ ಆ ಎರಡು ಅಂಕೆಗಳನ್ನು ನೂರು ಹೆಜ್ಜೆ ದೂರದಿಂದ ಗುರುತಿಸಬಲ್ಲ. ಟಿಬೆಟಿನ ಎರಡು ಮೂರು ಅವುಗಳ ಅಣ್ಣತಮ್ಮಂದಿರಂತೆ ಇದ್ದವು.

ಪಲ್ದೆನ್ ಹಾಡಿನಂತೆ ರಾಗ ಎಳೆದು ಕೋಷ್ಟಕ ಹೇಳಿದರು. ಹತ್ತೊಂಬತ್ತು, ಇಪ್ಪತ್ಮೂರು. ಕಡ್ಡಿ ಪುಡಿಯಲ್ಲಿ ಸರಿಯಿತು. ದಾನೇಶ್ವರಿ ಇಪ್ಪತ್ತಮೂರು ಒತ್ತಿದಳು.

"ದಾನೀ, ತಡಿ," ಅಂದ ಬಸವಂತರಾಯ ಕರವಸ್ತ್ರದೊಳಗಿಂದ. "ಪಲ್ದೆನ್‌ಜೀ, ನೀವ ಅಂದದ್ದು ಇಪ್ಪತ್ಮೂರು. ಇಲ್ಲೆ ಬರದದ್ದು ಇಪ್ಪತ್ತೆರಡು."

ಇಲ್ಲ ಎಂದರು ಅವರು. ಅಳಿಸಿ ಮತ್ತೆ ಮೊದಲಿನಿಂದ ಮಾಡಿದರು. ಬಾಯಿ ಇಪ್ಪತ್ತಮೂರು ಅಂದಿತು, ಕಡ್ಡಿ ಎರಡರ ಪಕ್ಕ ಎರಡು ಗೀರಿತು. ಮೂರನೆಯ ಸಲ ದಾನೇಶ್ವರಿ ಅವರ ತೋರುಬೆರಳು ಹಿಡಿದು, ಬರೆದದ್ದರ ಮೇಲೆ ಮೆಲ್ಲಗೆ ಆಡಿಸಿದಳು. ಅವರು ಎಡಗೈಯಿಂದ ಬಲಗೈಯ ಬೆರಳ ಗೆಣ್ಣನ್ನು ತಿಕ್ಕಿಕೊಳ್ಳತೊಡಗಿದರು.

"ಇಲ್ಲೆ ಬಡೀತಿದ್ರು," ಅಂದರು. "ಈ ಅಂಕಿ ಬಂದಾಗೊಮ್ಮೆ ಗುರುಗಳು ಕೋಲಿಲೆ ಇಲ್ಲೆ ಬಡೀತಿದ್ರು. ನಾ ಸೊಟ್ಟ ಕುಂತೀನಿ ಅಂತ ಬಡೀತಾರ ಅನಕೊಂಡಿದ್ದೆ."

ಗುರುಗಳಿಗೆ ತಪ್ಪು ಗೊತ್ತಿತ್ತು. ತಮ್ಮ ಗುರುಗಳ ಕೈಬರಹದ ಮೇಲೆ ಮಸಿ ತಾಗಿಸುವ ಮನಸ್ಸು ಅವರಿಗೂ ಬಂದಿರಲಿಲ್ಲ. ಪುಸ್ತಕ ಬಿಟ್ಟು ಹುಡುಗನ ಕೈಯನ್ನು ತಿದ್ದಿದ್ದರು. ಹುಡುಗನ ಬಾಯಿ ಪುಸ್ತಕವನ್ನು ಕಲಿತಿತ್ತು, ಕೈ ಕೋಲನ್ನು ಕಲಿತಿತ್ತು. ಐವತ್ತು ವರ್ಷ ಎರಡೂ ಒಂದನ್ನೊಂದು ಮಾತಾಡಿಸಿರಲಿಲ್ಲ.

ಹಿರಿಯ ಸ್ವಾಮಿಗಳಿಗೆ ಫೋನು ಹೋಯಿತು. ಪಲ್ದೆನ್ ಟಿಬೆಟಿಯಲ್ಲಿ ಬಹಳ ಹೊತ್ತು ಹೇಳಿದರು, ಆ ಕಡೆಯವರು ಬಹಳ ಹೊತ್ತು ಕೇಳಿದರು. ಗುರುಗಳು ಬಾರಿಸಿದ ಪೆಟ್ಟೂ ಗುರುಗಳ ಪುಸ್ತಕವೇ, ಸೇರಿಸಿಕೊಳ್ಳಿ ಎಂದರಂತೆ. ಜನವರಿ ಹತ್ತೊಂಬತ್ತಕ್ಕೆ, ಒಂದು ದಿನ ಮುಂಚೆಯೇ, ಮೂವತ್ತು ವರ್ಷದ ಪ್ರತಿಯೊಂದು ದಿನವೂ ಹೊಂದಿದ ಪ್ರೋಗ್ರಾಮಿನಿಂದ ಮಠದ ಹೊಸ ಪಂಚಾಂಗ ಪ್ರೆಸ್ಸಿಗೆ ಹೋಯಿತು. ಬಸವಂತರಾಯ ಆ ವಾರವಿಡೀ ಶಾಲೆಯಲ್ಲಿ ಬಸ್ಸಿನ ನಂಬರಿನ ಮಹತ್ವದ ಬಗ್ಗೆ ಪಾಠ ಮಾಡಿದ. ಅದು ಏಳನೆಯ ಇಯತ್ತೆಯ ಭೂಗೋಳದಲ್ಲಿಲ್ಲ ಎಂದು ಹೆಡ್‌ಬಾಯಿ ನೆನಪಿಸಬೇಕಾಯಿತು.

ಟಿಪ್ಪಣಿಯ ಪುಸ್ತಕ ಮುಗಿಯಲು ಏಪ್ರಿಲ್ ಆಯಿತು. ಇನ್ನೂರಾ ಹದಿನಾಲ್ಕು ಪುಟ, ಕನ್ನಡ ಮತ್ತು ಇಂಗ್ಲಿಷ್. ಟಿಬೆಟಿ ಭಾಷೆಗೆ ತರುವ ಕೆಲಸವನ್ನು ಮಠದ ಹುಡುಗರು ಹಿಡಿದಿದ್ದರು. ತಮ್ಮ ಭಾಷೆಗೆ ತರಬೇಕಾದರೆ ಲೆಕ್ಕ ತಿಳಿಯಲೇಬೇಕಾಗಿ, ಬೇಡವೆಂದಿದ್ದ ಆ ಹುಡುಗರಲ್ಲಿ ಮೂವರು ಈಗ ಹಲಗೆಯ ಮುಂದೆ ಕೂಡುತ್ತಿದ್ದರಂತೆ. ಕಣ್ಣು ತೋರಿಸಲೆಂದು ಮುಂಬಯಿಗೆ ಬಂದಿದ್ದ ಪಲ್ದೆನ್ ಸಯನ್ನಿನ ಮನೆಗೆ ಬಂದರು. ದಾನೇಶ್ವರಿ ಮೊದಲ ಪ್ರತಿಯನ್ನು ಅವರ ಕೈಗಿತ್ತಳು. ಅವರು ಅದರ ತೂಕ ನೋಡಿದರು, ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು, ಮೂಸಿಯೂ ನೋಡಿದರು. ತೊಡೆಯ ಮೇಲಿಟ್ಟುಕೊಂಡು, ಧ್ವನಿ ತಗ್ಗಿಸಿ ಕೇಳಿದರು.

"ದಾನೇಶ್ವರಿಬಾಯಿ, ಇದರಾಗ ನನ್ನ ತಪ್ಪೂ ಬರದೀರೇನ್ರಿ?"

ದಾನೇಶ್ವರಿ ಅವರ ಮುಂದೆ ಚಹಾ ಇಟ್ಟಳು.

"ಬರದೀನ್ರಿ. ನಲವತ್ತೊಂದನೇ ಪುಟ. ನಿಮ್ಮ ಗುರುಗಳದು ನಲವತ್ತನೇ ಪುಟದಾಗ ಐತಿ."